ನೋವು ಬೇರೆ, ನೋವಿನ ಧ್ಯಾನ ಬೇರೆ

ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮನೆಗೆ ಮರಳಿದ ಹಿರಿಯರನ್ನು ನೋಡಲು ಬರುವ ಬಂಧುಗಳು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು: ಊಟ ಸೇರುತ್ತಿದೆಯೇ, ನಾಲ್ಕು ಹೆಜ್ಜೆ ನಡೆಯಲು ಆಗುತ್ತಿದೆಯೇ. ಇರುಳು ಹೇಗೆ ಕಳೆಯುತ್ತಿದೆ ಎಂದು ಕೇಳುವವರು ವಿರಳ. ರೋಗಿಯೂ ತಾನಾಗಿ ಹೇಳುವುದಿಲ್ಲ. ಜೀವವೇ ಉಳಿದಿರುವಾಗ ನಿದ್ದೆ ಬರಲಿಲ್ಲವೆಂದು ದೂರುವುದು ಸಣ್ಣತನವೆಂದು ತೋರುತ್ತದೆ. ಆದರೆ ಮನೆಯವರೆಲ್ಲ ಮಲಗಿ ದೀಪ ಆರಿದ ಮೇಲೆ, ಹನ್ನೊಂದು, ಒಂದು, ಮೂರು ಎಂದು ಗಡಿಯಾರವನ್ನೇ ನೋಡುತ್ತ ಬೆನ್ನ ಮೇಲೆ ಒರಗಿರುವ ಆ ಜೀವಕ್ಕೆ ಹಗಲಿನ ಎಲ್ಲ ಕಷ್ಟಗಳಿಗಿಂತ ಅದೇ ದೊಡ್ಡ ಕಷ್ಟ.

ಇದಕ್ಕೆ ದೇಹದ ಕಾರಣಗಳು ಸ್ಪಷ್ಟವಾಗಿಯೇ ಇವೆ. ಈ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಎದೆಯ ನಡುಮೂಳೆಯನ್ನು ಸೀಳಿ, ಕೆಲಸ ಮುಗಿದ ಬಳಿಕ ಲೋಹದ ತಂತಿಯಿಂದ ಬಿಗಿಯುತ್ತಾರೆ. ಆ ಮೂಳೆ ಕೂಡಿಕೊಳ್ಳಲು 6ರಿಂದ 8 ವಾರ, ಕೆಲವರಿಗೆ ಇನ್ನೂ ಹೆಚ್ಚು ಕಾಲ ಬೇಕು. ಅಲ್ಲಿಯವರೆಗೆ ಬಹುಮಟ್ಟಿಗೆ ಬೆನ್ನ ಮೇಲೆಯೇ ಮಲಗಬೇಕಾಗುತ್ತದೆ. ಜೀವಮಾನವೆಲ್ಲ ಎಡಮಗ್ಗುಲಿಗೆ ಮಲಗಿದವರಿಗೆ ಇದೊಂದೇ ಸಾಕು, ನಿದ್ದೆ ದೂರವಾಗಲು. ರಕ್ತನಾಳ ತೆಗೆದ ಕಾಲಿನಲ್ಲಿ ಬಾವು, ಕೆಮ್ಮಿದರೆ ಎದೆಯಲ್ಲಿ ಸೆಳೆತ. ತೀವ್ರ ನಿಗಾ ಘಟಕದಲ್ಲಿ ಹಗಲುರಾತ್ರಿ ಒಂದೇ ಬೆಳಕು, ಯಂತ್ರಗಳ ಸದ್ದು, ಗಂಟೆಗೊಮ್ಮೆ ಎಬ್ಬಿಸಿ ನಡೆಸುವ ಪರೀಕ್ಷೆ. ದೊಡ್ಡ ಶಸ್ತ್ರಚಿಕಿತ್ಸೆಯ ಮೊದಲ ರಾತ್ರಿಗಳಲ್ಲಿ ಗಾಢನಿದ್ರೆಯೂ ಕನಸಿನ ನಿದ್ರೆಯೂ ಬಹಳ ಕುಗ್ಗುತ್ತವೆ. ಆಮೇಲೆ ಕನಸುಗಳು ಒಮ್ಮೆಗೇ ನುಗ್ಗಿಬಂದು ಬೆಚ್ಚಿಬೀಳಿಸುತ್ತವೆ. ಕೆಲವು ಔಷಧಗಳೂ ಕನಸನ್ನು ಕದಡುತ್ತವೆ. ಇವೆಲ್ಲದರ ಮೇಲೆ, ಮಲಗಿದರೆ ಮತ್ತೆ ಏಳುವೆನೋ ಇಲ್ಲವೋ ಎಂಬ ಹೇಳಿಕೊಳ್ಳಲಾಗದ ಅಂಜಿಕೆ. ಹೆಚ್ಚಿನವರಲ್ಲಿ ಈ ತೊಂದರೆ ವಾರಗಳು ಕಳೆದಂತೆ ತಗ್ಗುತ್ತ ಹೋಗುತ್ತದೆ. ಆದರೆ ಇರುಳಿನ ಮೂರು ಗಂಟೆಗೆ ಎಚ್ಚರವಿರುವವರಿಗೆ ವಾರಗಳ ಲೆಕ್ಕ ಸಮಾಧಾನ ಕೊಡುವುದಿಲ್ಲ.

ಧಾರ್ಮಿಕ ಮನೆಗಳಲ್ಲಿ ಇಂಥ ಸಂದರ್ಭದಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. 'ಎಲ್ಲ ಪೂರ್ವಾರ್ಜಿತ, ಅನುಭವಿಸಲೇಬೇಕು' ಎಂಬುದು ಒಂದು. 'ಸನತ್ಕುಮಾರ ಮುನಿಗಳು ಎಷ್ಟೆಲ್ಲ ರೋಗ ಸಹಿಸಿದರು, ನಿಮಗೆ ಒಂದಿಷ್ಟು ನಿದ್ದೆ ಬಾರದ್ದು ದೊಡ್ಡದೇ' ಎಂಬುದು ಇನ್ನೊಂದು. ಹೇಳುವವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಮೊದಲ ಮಾತು ರೋಗಿಯನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುತ್ತದೆ. ಎರಡನೆಯದು ಅವನ ಬಾಯಿಯನ್ನು ಮುಚ್ಚಿಸುತ್ತದೆ. ಎರಡೂ ಜಿನಧರ್ಮದ ಹೆಸರಿನಲ್ಲಿ ಬರುತ್ತವೆ. ಜೈನಶಾಸ್ತ್ರ ನಿಜವಾಗಿ ಏನು ಹೇಳುತ್ತದೆ ಎಂದು ನೋಡಿದರೆ, ಎರಡಕ್ಕೂ ಅಲ್ಲಿ ಆಧಾರ ದೊರೆಯುವುದಿಲ್ಲ.

ನಿದ್ರೆಯ ಬಗ್ಗೆ ಜೈನ ಆಚಾರ್ಯರು ಆಶ್ಚರ್ಯವೆನಿಸುವಷ್ಟು ಸೂಕ್ಷ್ಮವಾಗಿ ಚಿಂತಿಸಿದ್ದಾರೆ. ಎಂಟು ಮೂಲಕರ್ಮಗಳಲ್ಲಿ ದರ್ಶನಾವರಣೀಯವೂ ಒಂದು. ಆತ್ಮನ ದರ್ಶನಗುಣವನ್ನು ಮರೆಮಾಡುವುದು ಅದರ ಸ್ವಭಾವ. ಅದರ ಒಂಬತ್ತು ಭೇದಗಳಲ್ಲಿ ಐದು ನಿದ್ರೆಗೆ ಸಂಬಂಧಿಸಿದವು: ನಿದ್ರಾ, ನಿದ್ರಾನಿದ್ರಾ, ಪ್ರಚಲಾ, ಪ್ರಚಲಾಪ್ರಚಲಾ, ಸ್ತ್ಯಾನಗೃದ್ಧಿ. ಸುಲಭವಾಗಿ ಎಚ್ಚರವಾಗುವ ನಿದ್ದೆಯಿಂದ ಹಿಡಿದು, ಕುಳಿತಲ್ಲೇ ತೂಕಡಿಸುವುದು, ನಿದ್ದೆಯಲ್ಲೇ ಎದ್ದು ಕೆಲಸ ಮಾಡಿಬಿಡುವುದು, ಇವೆಲ್ಲವೂ ಈ ವಿಂಗಡಣೆಯಲ್ಲಿ ಬರುತ್ತವೆ. ಹತ್ತನೆಯ ಶತಮಾನದಲ್ಲಿ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಕರ್ಮಕಾಂಡದಲ್ಲಿ ಇದನ್ನು ನಿರೂಪಿಸಿದರು. ಆ ಪ್ರಾಕೃತ ಗ್ರಂಥಕ್ಕೆ ಕೇಶವವರ್ಣಿಗಳು 1359ರಲ್ಲಿ ಕನ್ನಡದಲ್ಲಿ ವೃತ್ತಿ ಬರೆದರು. ನಿದ್ರೆಯೆಂಬ ದಿನನಿತ್ಯದ ಸಂಗತಿಯೂ ಕನ್ನಡ ನಾಡಿನ ಶಾಸ್ತ್ರಚಿಂತನೆಯಲ್ಲಿ ಹೀಗೆ ಸ್ಥಾನ ಪಡೆದಿದೆ.

ಇದೇ ಪರಂಪರೆಯಲ್ಲಿ ನಿದ್ರೆಯ ಇನ್ನೊಂದು ಮುಖವನ್ನೂ ಮರೆತಿಲ್ಲ. ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿಯೆಂಬ ವ್ಯಾಖ್ಯಾನ ಬರೆದ ಪೂಜ್ಯಪಾದರು, ಮದ, ಖೇದ, ದಣಿವುಗಳನ್ನು ಕಳೆಯಲೆಂದು ಮಲಗುವುದೇ ನಿದ್ರೆ ಎಂಬರ್ಥದ ವಿವರಣೆ ಕೊಡುತ್ತಾರೆ. ತತ್ತ್ವದ ದೃಷ್ಟಿಯಲ್ಲಿ ನಿದ್ರೆ ಒಂದು ಆವರಣ. ದೇಹದ ದೃಷ್ಟಿಯಲ್ಲಿ ದಣಿವು ಕಳೆಯುವ ಉಪಾಯ. ಅರಿಹಂತರಲ್ಲಿ ಇಲ್ಲದ ಹದಿನೆಂಟು ದೋಷಗಳಲ್ಲಿ ನಿದ್ರೆಯೂ ಸೇರಿದೆ, ರೋಗವೂ ಸೇರಿದೆ. ಹಾಗೆಂದು, ಶಸ್ತ್ರಚಿಕಿತ್ಸೆಯ ಬಳಿಕ ಎಚ್ಚರವಿರುವ ರೋಗಿ ಯಾವುದೋ ಸಾಧನೆಯ ಮೆಟ್ಟಿಲು ಏರಿದ್ದಾನೆಂದು ಭಾವಿಸುವುದು ತಪ್ಪು. ಅವನು ಪಾಪದ ಫಲ ಉಣ್ಣುತ್ತಿದ್ದಾನೆಂದು ಬೆರಳು ತೋರುವುದೂ ಅಷ್ಟೇ ತಪ್ಪು. ಅವನ ದೇಹ ದಣಿದಿದೆ, ಆ ದಣಿವು ಕಳೆಯುವ ದಾರಿ ಸದ್ಯಕ್ಕೆ ಕಟ್ಟಿಹೋಗಿದೆ. ಶಾಸ್ತ್ರದ ಕಣ್ಣಿನಲ್ಲಿಯೂ ಅದು ಉಪಚಾರ ಬೇಡುವ ಸ್ಥಿತಿಯೇ.

ಹಾಗಾದರೆ ಈ ವೇದನೆಗೆ ಕರ್ಮದ ಸಂಬಂಧವಿಲ್ಲವೇ? ಇದೆ. ದುಃಖದ ಅನುಭವ ಅಸಾತಾವೇದನೀಯ ಕರ್ಮದ ಉದಯ ಎಂಬುದು ಸಿದ್ಧಾಂತ. ಆದರೆ ಜೈನರ ಕರ್ಮಸಿದ್ಧಾಂತ ಹಣೆಬರಹದ ಸಿದ್ಧಾಂತವಲ್ಲ. ಕರ್ಮ ಫಲ ಕೊಡುವುದು ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತದಿಂದ. ಉದಯದಂತೆಯೇ ಉಪಶಮವಿದೆ, ಕರ್ಮದ ಸ್ಥಿತಿ ಮತ್ತು ಅನುಭಾಗಗಳನ್ನು ತಗ್ಗಿಸುವ ಅಪಕರ್ಷಣವಿದೆ, ಅಸಾತವು ಸಾತವಾಗಿ ಮಾರ್ಪಡುವ ಸಂಕ್ರಮಣವಿದೆ. ಹೀಗಿರುವಾಗ 'ಅನುಭವಿಸಲೇಬೇಕು' ಎಂದು ಕೈಕಟ್ಟಿ ಕೂರುವುದು ಕರ್ಮಸಿದ್ಧಾಂತದ ಅರ್ಧವನ್ನು ಮಾತ್ರ ಓದಿದಂತೆ. ಯಾವ ಜನ್ಮದ ಯಾವ ಕ್ರಿಯೆಯ ಫಲ ಈ ಹೊತ್ತಿನ ಈ ನೋವು ಎಂದು ನಿರ್ಣಯಿಸುವ ಜ್ಞಾನವಂತೂ ನೋಡಲು ಬಂದ ನೆಂಟರಿಗೆ ಇರುವುದಿಲ್ಲ.

ಶಾಸ್ತ್ರ ಬೆರಳಿಟ್ಟು ತೋರಿಸುವ ಅಪಾಯ ಬೇರೆಡೆ ಇದೆ. ಧ್ಯಾನಗಳು ನಾಲ್ಕು: ಆರ್ತ, ರೌದ್ರ, ಧರ್ಮ್ಯ, ಶುಕ್ಲ. ಧ್ಯಾನವೆಂದರೆ ಒಳ್ಳೆಯದೇ ಎಂಬ ರೂಢಿಯ ಕಲ್ಪನೆ ಜೈನರಲ್ಲಿಲ್ಲ. ಮನಸ್ಸು ಒಂದರಲ್ಲಿ ನೆಟ್ಟರೆ ಅದು ಧ್ಯಾನ. ನೆಟ್ಟದ್ದು ಎಲ್ಲಿ ಎಂಬುದರ ಮೇಲೆ ಅದು ಒಳಿತೋ ಕೆಡುಕೋ. ಆರ್ತಧ್ಯಾನಕ್ಕೆ ನಾಲ್ಕು ಭೇದಗಳು: ಅನಿಷ್ಟದ ಸಂಯೋಗ, ಇಷ್ಟದ ವಿಯೋಗ, ವೇದನೆ, ನಿದಾನ. ಇವುಗಳಲ್ಲಿ ವೇದನೆಯ ಆರ್ತಧ್ಯಾನವೆಂದರೆ ನೋವು ಇರುವುದಲ್ಲ. ಆ ನೋವು ಹೇಗೆ ತೊಲಗೀತು, ಎಂದು ತೊಲಗೀತು, ತನಗೇ ಏಕೆ ಬಂತು ಎಂದು ಮನಸ್ಸು ಅದರ ಸುತ್ತಲೇ ಸುತ್ತುವುದು. ನಿದ್ದೆ ಬಾರದ ಇರುಳಿಗೆ ಇದಕ್ಕಿಂತ ನಿಖರವಾದ ಹೆಸರು ಸಿಗುವುದು ಕಷ್ಟ. ಎದೆಯ ಗಾಯ ನೋಯುವುದು ಒಂದು. 'ಇಂದೂ ನಿದ್ದೆ ಬರಲಿಲ್ಲ, ನಾಳೆಯೂ ಬಾರದು, ಹೀಗೇ ಹೋದರೆ ಹೊಲಿಗೆ ಮಾಯದು, ಮಕ್ಕಳಿಗೆ ಹೊರೆಯಾದೆ' ಎಂದು ಮನಸ್ಸು ಕಟ್ಟುತ್ತ ಹೋಗುವ ಸರಪಳಿ ಇನ್ನೊಂದು. ಮೊದಲನೆಯದು ಬಂದದ್ದು, ಎರಡನೆಯದು ಬೆಳೆಸಿದ್ದು. ನಿದ್ದೆಯ ಆಗಮನವನ್ನು ಕಾಯುತ್ತ ಕೂತಷ್ಟೂ ನಿದ್ದೆ ದೂರ ಸರಿಯುತ್ತದೆ ಎಂಬುದು ನಿದ್ದೆಗೆಟ್ಟವರೆಲ್ಲರೂ ಬಲ್ಲ ಸಂಗತಿ.

ಈ ಎರಡನ್ನು ಬೇರೆ ಬೇರೆಯಾಗಿ ಕಾಣುವುದೇ ಇಲ್ಲಿ ಮುಖ್ಯ. ನೋವಿಗೆ ಔಷಧ ಬೇಕು. ನೋವಿನ ಧ್ಯಾನಕ್ಕೆ ವಿವೇಕ ಬೇಕು. ಔಷಧದ ಕೆಲಸವನ್ನು ವಿವೇಕದಿಂದ ಮಾಡಿಸಹೊರಟರೆ ರೋಗಿ ಹಲ್ಲುಕಚ್ಚಿ ನರಳುತ್ತಾನೆ. ಆ ನರಳಾಟದಿಂದಲೇ ಆರ್ತಧ್ಯಾನ ಹೆಚ್ಚುತ್ತದೆ. ವಿವೇಕದ ಕೆಲಸವನ್ನು ಔಷಧದಿಂದ ಮಾಡಿಸಹೊರಟರೆ ನಿದ್ದೆಗುಳಿಗೆಯ ಮೇಲೆ ನಿದ್ದೆಗುಳಿಗೆ ಬೇಕಾಗುತ್ತದೆ. ಒಂದರ ಕೆಲಸವನ್ನು ಇನ್ನೊಂದರ ತಲೆಗೆ ಕಟ್ಟಬಾರದು.

ನೋವನ್ನು ನೀಗುವುದು ಧರ್ಮಕ್ಕೆ ವಿರುದ್ಧವಲ್ಲ ಎಂಬುದಕ್ಕೆ ಪೂಜ್ಯಪಾದರೇ ಒಂದು ದೃಷ್ಟಾಂತ ಕೊಟ್ಟಿದ್ದಾರೆ. ತನಗಾಗಲಿ ಪರರಿಗಾಗಲಿ ಇಬ್ಬರಿಗಾಗಲಿ ದುಃಖ, ಶೋಕ, ತಾಪಗಳನ್ನು ಉಂಟುಮಾಡುವುದು ಅಸಾತಾವೇದನೀಯದ ಆಸ್ರವಕ್ಕೆ ಕಾರಣ ಎಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಹಾಗಿದ್ದರೆ ಉಪವಾಸ, ಕೇಶಲೋಚಗಳಿಂದ ದೇಹಕ್ಕೆ ಕಷ್ಟ ಕೊಡುವುದೂ ಪಾಪವಾಗದೇ ಎಂಬ ಆಕ್ಷೇಪವನ್ನು ಅವರೇ ಎತ್ತುತ್ತಾರೆ. ಉತ್ತರವಾಗಿ ಅವರು ತರುವುದು ಒಬ್ಬ ವೈದ್ಯನನ್ನು. ಮುನಿಯೊಬ್ಬರ ಮೈಮೇಲಿನ ಬಾವನ್ನು ಪರಮಕರುಣೆಯಿಂದ ಕೊಯ್ಯುವ ವೈದ್ಯ ನೋವಿಗೆ ಕಾರಣನಾದರೂ, ಕೇವಲ ಆ ಹೊರಗಿನ ನಿಮಿತ್ತದಿಂದ ಅವನಿಗೆ ಪಾಪಬಂಧವಿಲ್ಲ. ಸಾವಿರದ ಐನೂರು ವರ್ಷಗಳಷ್ಟು ಹಿಂದಿನ ಈ ವ್ಯಾಖ್ಯಾನದಲ್ಲಿ ಶಸ್ತ್ರಚಿಕಿತ್ಸೆ ಕರುಣೆಯ ಕೆಲಸಕ್ಕೆ ಉದಾಹರಣೆಯಾಗಿ ಬಂದಿದೆ. ಚಿಕಿತ್ಸೆಗೆ ಒಳಗಾದವರು ಮುನಿಗಳು. ಮುನಿಯ ಮೈಯ ಬಾವಿಗೆ ಚಿಕಿತ್ಸೆ ಸಲ್ಲುವುದಾದರೆ ಶ್ರಾವಕನ ಎದೆಯ ನೋವಿಗೆ ಮಾತ್ರೆ ಸಲ್ಲದೇ?

ಹೀಗೆ ನೋಡಿದಾಗ ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂಬ ನಾಲ್ಕು ಮಾತುಗಳು ರೋಗಿಯ ಕೋಣೆಗೂ ನೇರವಾಗಿ ಅನ್ವಯಿಸುತ್ತವೆ.

ದ್ರವ್ಯವೆಂದರೆ ಔಷಧ, ಆಹಾರ. ಜೈನ ಮನೆಗಳಲ್ಲಿ ಇದಕ್ಕೆ ವಿಶೇಷವಾದ ಒಂದು ತೊಡಕಿದೆ. ರಾತ್ರಿಭೋಜನ ತ್ಯಾಗದ ನಿಯಮವುಳ್ಳವರು ಸಂಜೆ ಆರರ ಸುಮಾರಿಗೆ ಊಟ ಮುಗಿಸಿ, ಅದರೊಂದಿಗೇ ಮಾತ್ರೆಗಳನ್ನೂ ನುಂಗಿಬಿಡುತ್ತಾರೆ. ವೈದ್ಯರು ಆರು ಗಂಟೆಗೊಮ್ಮೆ ಎಂದು ಬರೆದ ನೋವುನಿವಾರಕಕ್ಕೆ ಹೀಗೆ ಹನ್ನೆರಡು ಗಂಟೆಗಳ ಬಿಡುವು ಬೀಳುತ್ತದೆ. ನಡುರಾತ್ರಿಯ ಹೊತ್ತಿಗೆ ಅದರ ಪ್ರಭಾವ ಮುಗಿದಿರುತ್ತದೆ; ನೋವು ಎಬ್ಬಿಸುತ್ತದೆ. ನಿಯಮದ ಸಂಗತಿಯನ್ನು ವೈದ್ಯರಿಗೆ ಹೇಳಿರುವುದಿಲ್ಲ. ಅವರು ಮಾತ್ರೆ ಸಾಲದೆಂದು ತಿಳಿದು ಇನ್ನೂ ಬಲವಾದುದನ್ನು ಬರೆಯುತ್ತಾರೆ. ಮಧುಮೇಹಿಗಳಲ್ಲಿ ಇದು ಇನ್ನೂ ಗಂಭೀರ. ಎಂಟು ಗಂಟೆಯ ಊಟಕ್ಕೆ ಹೊಂದಿಸಿದ ಇನ್ಸುಲಿನ್ ಮತ್ತು ಆರು ಗಂಟೆಯ ಊಟ ಒಂದಕ್ಕೊಂದು ತಾಳೆಯಾಗದಿದ್ದರೆ ರಾತ್ರಿ ಸಕ್ಕರೆ ಇಳಿದು, ಬೆವರಿ, ಎದೆ ಬಡಿದುಕೊಂಡು ಎಚ್ಚರವಾಗುತ್ತದೆ. ರೋಗಿ ಅದನ್ನು ನಿದ್ದೆಯ ತೊಂದರೆಯೆಂದೇ ಎಣಿಸುತ್ತಾನೆ.

ಇದಕ್ಕೆ ಪರಿಹಾರ ನಿಯಮವನ್ನು ಹಗುರವಾಗಿ ಕಾಣುವುದೂ ಅಲ್ಲ, ಮಾತ್ರೆಯನ್ನು ಗುಟ್ಟಾಗಿ ಬಿಡುವುದೂ ಅಲ್ಲ. ಶಸ್ತ್ರಚಿಕಿತ್ಸೆಗೆ ಮೊದಲೇ, ಇಲ್ಲವೇ ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವಾದರೂ, ಊಟದ ಹೊತ್ತನ್ನು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಬೇಕು. ಹೊತ್ತು ಬದಲಿಸಬಹುದಾದ ಔಷಧಗಳಿವೆ, ದೀರ್ಘಕಾಲ ಕೆಲಸ ಮಾಡುವ ಔಷಧಗಳಿವೆ. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಬೆಳಿಗ್ಗೆಗೆ ಸರಿಸಬಹುದೇ ಎಂದು ಕೇಳಬಹುದು. ರಾತ್ರಿಯೇ ತೆಗೆದುಕೊಳ್ಳಬೇಕಾದದ್ದು ಉಳಿದರೆ ಗುರುಗಳ ಸಲಹೆ ಪಡೆಯಬಹುದು. ನಿಯಮ ಸ್ವೀಕರಿಸುವಾಗಲೇ ನೀರು ಮತ್ತು ಔಷಧಕ್ಕೆ ವಿನಾಯಿತಿ ಇಟ್ಟುಕೊಳ್ಳುವ ರೂಢಿ ಎಷ್ಟೋ ಮನೆಗಳಲ್ಲಿದೆ. ತೀರ್ಥಂಕರ ಪ್ರಕೃತಿಯ ಬಂಧಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ 'ಶಕ್ತಿತಃ' ಎಂಬ ವಿಶೇಷಣ ಸೇರಿರುವುದನ್ನು ಇಲ್ಲಿ ನೆನೆಯಬೇಕು. ಶಕ್ತಿಗೆ ತಕ್ಕ ತ್ಯಾಗ, ಶಕ್ತಿಗೆ ತಕ್ಕ ತಪಸ್ಸು. ಎದೆಮೂಳೆ ಇನ್ನೂ ಕೂಡದ ದೇಹದ ಶಕ್ತಿ ಎಷ್ಟೆಂಬುದನ್ನು ಅಳೆಯದೆ ಅಷ್ಟಮಿ, ಚತುರ್ದಶಿಯ ಉಪವಾಸಕ್ಕೆ ಮರಳುವುದು ಆ ವಿಶೇಷಣವನ್ನು ಮರೆತಂತೆ.

ಕ್ಷೇತ್ರವೆಂದರೆ ಮಲಗುವ ಸ್ಥಳ. ತಲೆಯ ಭಾಗ ಸ್ವಲ್ಪ ಎತ್ತರಿಸಿದ ಹಾಸಿಗೆ, ಕೈಗೆಟಕುವಲ್ಲಿ ನೀರು, ಕೆಮ್ಮು ಬಂದಾಗ ಎದೆಗೆ ಒತ್ತಿಹಿಡಿಯಲು ಒಂದು ದಿಂಬು, ಮಂದ ಬೆಳಕು. ಗಡಿಯಾರವನ್ನು ಕಣ್ಣಿಗೆ ಬೀಳದಂತೆ ತಿರುಗಿಸಿಡುವುದೂ ಒಂದು ಉಪಚಾರವೇ. ಕಾಲವೆಂದರೆ ಹಗಲನ್ನು ಹಗಲಾಗಿ, ಇರುಳನ್ನು ಇರುಳಾಗಿ ಉಳಿಸುವುದು. ಬೆಳಗಿನ ಬಿಸಿಲಿನಲ್ಲಿ ವೈದ್ಯರು ಹೇಳಿದಷ್ಟು ನಡಿಗೆ, ಮಧ್ಯಾಹ್ನ ಅರ್ಧ ಗಂಟೆಗೆ ಮೀರದ ಮಂಪರು, ಸಂಜೆಯ ಬಳಿಕ ಚಹಾ ಕಾಫಿ ಇಲ್ಲ. ದಿನವಿಡೀ ಮಲಗಿದ್ದವರಿಗೆ ರಾತ್ರಿ ನಿದ್ದೆ ಬಾರದಿದ್ದರೆ ಅದು ಯಾವ ಕರ್ಮದ ರಹಸ್ಯವೂ ಅಲ್ಲ. ನಿದ್ದೆಗುಳಿಗೆಯನ್ನು ಮಾತ್ರ ವೈದ್ಯರನ್ನು ಕೇಳದೆ, ಮನೆಯಲ್ಲಿ ಇನ್ನೊಬ್ಬರದು ಇದೆಯೆಂದು, ಎಂದಿಗೂ ಕೊಡಬಾರದು. ಬಲವಾದ ನೋವುನಿವಾರಕಗಳ ಜೊತೆ ಸೇರಿದರೆ ಕೆಲವು ಗುಳಿಗೆಗಳು ಉಸಿರಾಟವನ್ನೇ ಕುಗ್ಗಿಸಬಲ್ಲವು.

ಇನ್ನು ಸನತ್ಕುಮಾರರ ಕಥೆ. ಕನ್ನಡದ ಪ್ರಾಚೀನ ಗದ್ಯಕೃತಿ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಅದೂ ಒಂದು. ರೂಪಕ್ಕೆ ಹೆಸರಾದ ಚಕ್ರವರ್ತಿ ಆ ರೂಪದ ಅನಿತ್ಯತೆಯನ್ನರಿತು ದೀಕ್ಷೆ ಪಡೆಯುತ್ತಾನೆ. ಮೈತುಂಬ ರೋಗಗಳು ಬರುತ್ತವೆ. ದೇವನು ವೈದ್ಯನ ವೇಷದಲ್ಲಿ ಬಂದು ಚಿಕಿತ್ಸೆ ಮಾಡುವೆನೆಂದಾಗ, ಜನನಮರಣಗಳ ರೋಗವನ್ನು ಗುಣಪಡಿಸಬಲ್ಲೆಯಾ ಎಂದು ಮುನಿ ಕೇಳುತ್ತಾರೆ. ಮಹತ್ತಾದ ಕಥೆ. ಆದರೆ ಆ ಸಹನೆ ಷಟ್ಖಂಡವನ್ನೇ ಬಿಟ್ಟ ಮಹಾವ್ರತಿಯೊಬ್ಬರು ತಾವಾಗಿ ಆರಿಸಿಕೊಂಡದ್ದು. ಪರೀಷಹಗಳ ಪಟ್ಟಿಯಲ್ಲಿ ರೋಗವೂ ಇದೆ, ಶಯ್ಯೆಯೂ ಇದೆ. ಆ ಇಪ್ಪತ್ತೆರಡು ಪರೀಷಹಗಳನ್ನು ಹೇಳಿರುವುದು ಮುಖ್ಯವಾಗಿ ಮುನಿಮಾರ್ಗದ ಸಂದರ್ಭದಲ್ಲಿ. ತಾನಾಗಿ ಕೈಗೊಂಡ ಸಹನೆ ತಪಸ್ಸು. ಇನ್ನೊಬ್ಬರ ಮೇಲೆ ಹೇರಿದ ಸಹನೆ ಹಿಂಸೆಯ ಗಡಿಗೆ ಬಂದು ನಿಲ್ಲುತ್ತದೆ. ಶ್ರಾವಕರಿಗೆ ಹೇಳಿದ ನಾಲ್ಕು ದಾನಗಳಲ್ಲಿ ಔಷಧದಾನ ಒಂದು ಎಂಬುದನ್ನು ಮರೆತು, ಔಷಧ ಬೇಡುವವರಿಗೆ ಮುನಿಕಥೆ ಹೇಳಿ ಕಳುಹಿಸುವುದು ಯಾವ ನ್ಯಾಯ?

ಸನತ್ಕುಮಾರರ ಕಥೆಯ ಪಕ್ಕದಲ್ಲಿ ಸಮಂತಭದ್ರರ ಕಥೆಯನ್ನೂ ಇಡಬೇಕು. ಎಷ್ಟು ತಿಂದರೂ ತಣಿಯದ ಭಸ್ಮಕ ವ್ಯಾಧಿ ಆ ಆಚಾರ್ಯರಿಗೆ ಬಂದಿತೆಂದೂ, ಅವರು ಸಲ್ಲೇಖನಕ್ಕೆ ಅನುಮತಿ ಕೇಳಿದಾಗ ಗುರುಗಳು ಒಪ್ಪದೆ, ಮೊದಲು ರೋಗ ವಾಸಿಮಾಡಿಕೊಂಡು ಬರುವಂತೆ ಹೇಳಿದರೆಂದೂ, ಅದಕ್ಕಾಗಿ ಅವರು ಮುನಿವೇಷವನ್ನೇ ಕೆಲಕಾಲ ಬದಿಗಿಟ್ಟು, ಗುಣವಾದ ಮೇಲೆ ಮತ್ತೆ ದೀಕ್ಷೆ ಪಡೆದರೆಂದೂ ಪರಂಪರೆ ಹೇಳುತ್ತದೆ. ಅವರೇ ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಕಾರಣವಾಗಬಹುದಾದ ರೋಗವನ್ನು ಪ್ರತೀಕಾರವಿಲ್ಲದ ರೋಗವೆಂದು ಖಚಿತವಾಗಿ ಮಿತಗೊಳಿಸಿದ್ದಾರೆ. ನಿದ್ದೆಗೆಟ್ಟ ಇರುಳುಗಳ ಬಳಿಕ ಹಿರಿಯರು 'ಇನ್ನು ಸಾಕು, ಸಮಾಧಿ ಕೊಡಿಸಿಬಿಡಿ' ಎನ್ನುವುದುಂಟು. ಅದನ್ನು ವೈರಾಗ್ಯವೆಂದು ತಿಳಿದು ತಲೆಬಾಗುವ ಮುನ್ನ ಮನೆಯವರು ಈ ಕಥೆಯನ್ನು ನೆನೆಯಬೇಕು. ಪ್ರತೀಕಾರವಿರುವ ನೋವಿನಿಂದ ಹುಟ್ಟಿದ ಆ ಮಾತು ವೈರಾಗ್ಯದ್ದಲ್ಲ, ದಣಿವಿನದ್ದು. ಅದು ಮೊದಲು ತಲುಪಬೇಕಾದ್ದು ವೈದ್ಯರ ಕಿವಿಗೆ. ಹೃದಯದ ಶಸ್ತ್ರಚಿಕಿತ್ಸೆಯ ಬಳಿಕ ಖಿನ್ನತೆ ಬರುವುದು ಅಪರೂಪವಲ್ಲ, ಅದಕ್ಕೂ ಚಿಕಿತ್ಸೆಯಿದೆ. ಹಾಗೆಯೇ ಏದುಸಿರು, ಹೊಸ ಎದೆನೋವು, ಜ್ವರ, ಗಾಯದಲ್ಲಿ ಕೀವು, ಇದ್ದಕ್ಕಿದ್ದಂತೆ ಬಂದ ಗೊಂದಲದ ಮಾತು ಕಂಡರೆ ಅದನ್ನು ನಿದ್ದೆಯ ತೊಂದರೆಯೆಂದು ಬೆಳಗಿನವರೆಗೆ ಕಾಯಬಾರದು.

ಇವೆಲ್ಲ ಮಾಡಿದ ಮೇಲೂ ಎಚ್ಚರದ ಗಂಟೆಗಳು ಕೆಲವು ಉಳಿಯುತ್ತವೆ. ನಾಲ್ಕನೆಯದಾದ ಭಾವದ ಕೆಲಸ ಅಲ್ಲಿಂದ ಮೊದಲಾಗುತ್ತದೆ. ಈ ಕೆಲಸ ರೋಗಿಯೊಬ್ಬನದೇ. ಬೇರೆ ಯಾರೂ ಅವನ ಪರವಾಗಿ ಮಾಡಲಾರರು. ಅದಕ್ಕೆ ಜೈನಾಚಾರದಲ್ಲಿ ಸಿದ್ಧವಾಗಿರುವ ಉಪಾಯ ಕಾಯೋತ್ಸರ್ಗ. ಷಡಾವಶ್ಯಕಗಳಲ್ಲಿ ಒಂದಾದ ಇದರ ಅರ್ಥ ದೇಹದ ಮೇಲಿನ ಮಮತೆಯನ್ನು ಕೆಲಹೊತ್ತು ಇಳಿಸಿಡುವುದು. ಒಂದು ಪಂಚನಮಸ್ಕಾರಕ್ಕೆ ಮೂರು ಉಸಿರಿನಂತೆ, ಒಂಬತ್ತು ಪಂಚನಮಸ್ಕಾರಗಳನ್ನು ಇಪ್ಪತ್ತೇಳು ಉಸಿರುಗಳಲ್ಲಿ ಮನನ ಮಾಡುವ ಕ್ರಮ ರೂಢಿಯಲ್ಲಿದೆ. ಶಸ್ತ್ರಚಿಕಿತ್ಸೆಯ ಬಳಿಕ ಆಸ್ಪತ್ರೆಯಲ್ಲಿ ಮೂರು ಚೆಂಡುಗಳ ಪುಟ್ಟ ಉಪಕರಣ ಕೊಟ್ಟು ನಿಧಾನವಾಗಿ, ಆಳವಾಗಿ ಉಸಿರೆಳೆಯುವುದನ್ನು ಕಲಿಸಿರುತ್ತಾರೆ. ಆ ಉಸಿರಿಗೆ ಈ ಮನನವನ್ನು ಜೋಡಿಸುವುದು ಕಷ್ಟವೇನಲ್ಲ.

ಹಾಸಿಗೆಯಲ್ಲಿ ಬಿದ್ದುಕೊಂಡೇ ಕಾಯೋತ್ಸರ್ಗವೇ ಎಂದು ಸಂಕೋಚಪಡುವವರಿಗೆ ಮೂಲಾಚಾರದ ಒಂದು ವಿಂಗಡಣೆ ಸಮಾಧಾನ ನೀಡಬಲ್ಲದು. ಅಲ್ಲಿ ಕಾಯೋತ್ಸರ್ಗ ನಾಲ್ಕು ಬಗೆ. ದೇಹವೂ ನಿಂತಿದೆ, ಮನಸ್ಸೂ ಶುಭಧ್ಯಾನದಲ್ಲಿ ನಿಂತಿದೆ. ದೇಹ ನಿಂತಿದ್ದರೂ ಮನಸ್ಸು ಆರ್ತರೌದ್ರಗಳಲ್ಲಿ ಕುಳಿತಿದೆ. ದೇಹ ಕುಳಿತಿದ್ದರೂ ಮನಸ್ಸು ಎದ್ದು ನಿಂತಿದೆ. ದೇಹವೂ ಮನಸ್ಸೂ ಕುಳಿತಿವೆ. ಎಣಿಕೆ ದೇಹದ ಭಂಗಿಗೆ ನಿಲ್ಲದೆ ಮನಸ್ಸಿನ ನಿಲುವಿಗೂ ಹೋಗುತ್ತದೆ. ಇದರ ನ್ಯಾಯವನ್ನು ಹಾಸಿಗೆಗೂ ವಿಸ್ತರಿಸಬಹುದು: ಬೆನ್ನ ಮೇಲೆ ಮಲಗಿದ ದೇಹದಲ್ಲಿಯೂ ಮನಸ್ಸು ಎದ್ದು ನಿಲ್ಲಬಲ್ಲದು. ಬಸದಿಗೆ ಹೋಗಲಾಗದ, ಮಣಿಯಲಾಗದ, ಅಭಿಷೇಕದ ಕೊಡ ಎತ್ತಲಾಗದ ಆ ವಾರಗಳಲ್ಲಿ ರೋಗಿಗೆ ಉಳಿದಿರುವ ಪೂಜೆ ಇದು.

ಇದನ್ನು ನಿದ್ದೆ ಬರಿಸುವ ತಂತ್ರವೆಂದು ಹಿಡಿಯಬಾರದು. ಹಾಗೆ ಹಿಡಿದರೆ, ಇಪ್ಪತ್ತೇಳು ಉಸಿರು ಮುಗಿದರೂ ನಿದ್ದೆ ಬರಲಿಲ್ಲವೆಂಬ ಹೊಸ ಕೊರಗು ಸೇರಿಕೊಳ್ಳುತ್ತದೆ, ಅದೂ ಆರ್ತಧ್ಯಾನವೇ. ಎಣಿಕೆಯ ನಡುವೆ ನಿದ್ದೆ ಬಂದರೆ ಬರಲಿ, ಮಂತ್ರ ಅರ್ಧಕ್ಕೆ ನಿಂತಿತೆಂದು ಬೆಚ್ಚಿ ಏಳಬೇಕಾಗಿಲ್ಲ. ಬಾರದಿದ್ದರೆ ಆ ಹೊತ್ತು ವ್ಯರ್ಥವಾಗಲಿಲ್ಲ. ನೋವಿನ ಸುತ್ತ ಸುತ್ತುತ್ತಿದ್ದ ಮನಸ್ಸು ಅಷ್ಟು ಹೊತ್ತು ಬೇರೆಡೆ ನಿಂತಿತು, ಹೊಸ ಕರ್ಮದ ಬಾಗಿಲು ಅಷ್ಟು ಮುಚ್ಚಿತು. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಅನ್ಯತ್ವವನ್ನು ನೆನೆಯುವಾಗಲೂ ಇದೇ ಎಚ್ಚರ ಬೇಕು. ದೇಹ ಬೇರೆ, ಆತ್ಮ ಬೇರೆ ಎಂಬ ಅರಿವು ದೇಹವನ್ನು ಕಡೆಗಣಿಸಲು ಹೇಳಿದ್ದಲ್ಲ. ತನ್ನದಲ್ಲದ ವಸ್ತುವನ್ನು ನಂಬಿಕೆಯಿಂದ ಇಟ್ಟುಕೊಂಡವನು ಅದನ್ನು ಜೋಪಾನ ಮಾಡುತ್ತಾನೆ. ಅದರ ಮೇಲೆ ಬಿದ್ದ ಗೀರನ್ನು ತನ್ನ ಮೇಲೆ ಬಿದ್ದ ಗೀರೆಂದು ಅಳುವುದಿಲ್ಲ.

ಕೊನೆಯ ಮಾತು ಸುತ್ತಲಿನವರಿಗೆ. ಆರು ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ತ್ಯ ಒಂದು. ಅದಕ್ಕೆ ಪಾತ್ರರಾದ ಹತ್ತು ಬಗೆಯವರಲ್ಲಿ ಗ್ಲಾನ, ಎಂದರೆ ರೋಗಪೀಡಿತ ಮುನಿ, ಸೇರಿದ್ದಾನೆ. ಸಮ್ಯಗ್ದರ್ಶನದ ಮೂರನೆಯ ಅಂಗವಾದ ನಿರ್ವಿಚಿಕಿತ್ಸೆಗೆ ಉದಾಹರಣೆಯಾಗಿ ಹೇಳುವ ಉದ್ದಾಯನ ರಾಜನು, ರೋಗಿಯಾದ ಮುನಿ ವಾಂತಿ ಮಾಡಿಕೊಂಡಾಗ ಹೇಸದೆ ತನ್ನ ಕೈಯಾರೆ ಶುಚಿಗೊಳಿಸಿದವನು. ಆ ಆದರ್ಶ ಮನೆಯೊಳಗೆ ಇಳಿಯುವುದು ಬಹಳ ಸಣ್ಣ ಕೆಲಸಗಳಲ್ಲಿ: ಹತ್ತು ಗಂಟೆಯ ಮಾತ್ರೆಯನ್ನು ನೆನಪಿಟ್ಟು ಕೊಡುವುದು, ಜಾರಿದ ದಿಂಬನ್ನು ಸರಿಪಡಿಸುವುದು, ಎರಡು ಗಂಟೆಗೆ ಕರೆದಾಗ ಗೊಣಗದೆ ಏಳುವುದು. ಹೀಗೆ ಏಳುವವರೂ ನಿದ್ದೆಗೆಡುತ್ತಾರೆ ಎಂಬುದನ್ನು ಕುಟುಂಬ ಮರೆಯಬಾರದು. ಪ್ರತಿ ರಾತ್ರಿಯೂ ಹೆಂಡತಿಯೋ ಸೊಸೆಯೋ ಒಬ್ಬಳೇ ಏಳುವ ಮನೆಯಲ್ಲಿ ವೈಯಾವೃತ್ತ್ಯ ನಡೆಯುತ್ತಿಲ್ಲ, ಒಬ್ಬ ರೋಗಿಯಿಂದ ಇಬ್ಬರು ರೋಗಿಗಳು ತಯಾರಾಗುತ್ತಿದ್ದಾರೆ. ಗಂಡುಮಕ್ಕಳೂ ಪಾಳಿ ಹಂಚಿಕೊಂಡರೆ ಆ ತಪಸ್ಸಿನ ಫಲ ಎಲ್ಲರಿಗೂ ದೊರೆಯುತ್ತದೆ.

ನೋಡಲು ಬರುವವರಿಗೂ ಮಾಡಬಹುದಾದದ್ದೊಂದಿದೆ. ಊಟ, ನಡಿಗೆಗಳ ಜೊತೆಗೆ ಮೂರನೆಯ ಪ್ರಶ್ನೆಯೊಂದನ್ನು ಕೇಳಬಹುದು: ರಾತ್ರಿ ನಿದ್ದೆ ಬರುತ್ತಿದೆಯೇ? ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಬೇಕು. ಉತ್ತರ ಬಂದ ಮೇಲೆ ಕರ್ಮದ ಮಾತಾಗಲಿ ಮುನಿಗಳ ಕಥೆಯಾಗಲಿ ಒಡನೆಯೇ ಬೇಡ. ಮಾತ್ರೆಯ ಹೊತ್ತನ್ನು ಒಮ್ಮೆ ವಿಚಾರಿಸಿದರೆ, ವೈದ್ಯರಿಗೆ ತಿಳಿಸಿದಿರಾ ಎಂದು ಕೇಳಿದರೆ, ಒಂದು ರಾತ್ರಿ ತಾನು ಬಂದು ಕಾವಲಿರುತ್ತೇನೆ ಎಂದರೆ, ಆ ಮನೆಗೆ ಅಷ್ಟು ಹೊತ್ತಿನ ಮಟ್ಟಿಗೆ ಧರ್ಮವೇ ಬಂದು ಹೋದಂತಾಗುತ್ತದೆ.